ವಿಸ್ಕಾನ್ಸಿನ್‌ನ ಇಪ್ಪತ್ತು ಸಾವಿರ ಓಟು, ನಮ್ಮ ಡೈರಿಯ ಕ್ಯಾನು

2024 ನವೆಂಬರ್ 6, ಬುಧವಾರ, ಸಂಜೆ ನಾಲ್ಕು ಗಂಟೆ. ಡೈರಿ ಬಾಗಿಲು ತೆಗ್ದು ಮಿಷಿನ್ ಆನ್ ಮಾಡಿ ಕೆಳಗಿನ ಮನೆ ಅಜ್ಜನ ಹಾಲಿನ ಸ್ಯಾಂಪಲ್ ತೆಗೀತಾ ಇದ್ದೆ, ಆಗ ತಂಗಿಯ ವಾಟ್ಸಪ್ ಬಂತು, "ಅಣ್ಣ, ಕೊನೆಗೆ ನಮ್ಮ ಸ್ಟೇಟೇ ಮುಗಿಸಿದ್ದು ನೋಡು" ಅಂತ. ಅವಳಿಗೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ, ರಾತ್ರಿ ಪೂರ್ತಿ ನಿದ್ರೆ ಮಾಡ್ಲಿಲ್ಲ ಅಂತ ಕಾಣ್ತದೆ. ಅಸೋಸಿಯೇಟೆಡ್ ಪ್ರೆಸ್ ಅಂತ ಸುದ್ದಿ ಸಂಸ್ಥೆಯವರು ವಿಸ್ಕಾನ್ಸಿನ್ ಟ್ರಂಪ್‌ಗೆ ಅಂತ ಹೇಳಿದ ಕೂಡ್ಲೇ ಅವರ ಲೆಕ್ಕದಲ್ಲಿ ಟ್ರಂಪ್ ಗೆಲ್ಲಲಿಕ್ಕೆ ಬೇಕಾದ 270 ಎಲೆಕ್ಟೋರಲ್ ಓಟು (ಅಧ್ಯಕ್ಷರನ್ನು ಆರಿಸ್ಲಿಕ್ಕೆ ರಾಜ್ಯಗಳಿಗೆ ಹಂಚಿದ ಓಟು) ದಾಟಿತು, ಅಲ್ಲಿಗೆ ಇಡೀ ಅಮೆರಿಕದ ಎಲೆಕ್ಷನ್ ಮುಗೀತು. ನಾನು ಮೊಬೈಲ್ ನೋಡ್ತಾ ನಿಂತದ್ದು ಕಂಡು ಅಜ್ಜ, "ಎಂತ ಸೆಕ್ರೆಟ್ರಿಯವರೇ, ನನ್ನ ಹಾಲಿಗೆ ಫ್ಯಾಟ್ ಎಷ್ಟು ಬಂತು ಹೇಳಿ ಮಾರಾಯ್ರೆ" ಅಂತ ಜೋರು ಮಾಡಿದ್ರು.

ನಾನು ಹಿರಿಯಡ್ಕ ಕಡೆಯ ಒಂದು ಹಾಲಿನ ಸೊಸೈಟಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಸೆಕ್ರೆಟರಿ. ತಂಗಿ ಮದುವೆ ಆಗಿ ಹೋದದ್ದು ವಿಸ್ಕಾನ್ಸಿನ್‌ಗೆ, ಮಿಲ್ವಾಕಿ ಸಿಟಿಯ ಪಶ್ಚಿಮಕ್ಕೆ ವಾಕೆಶಾ ಕೌಂಟಿ ಅಂತ ಉಂಟು, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅಲ್ಲೇ ಪ್ಯೂವಾಕಿಯಲ್ಲಿ ಒಂದು ಹಿಂದೂ ದೇವಸ್ಥಾನ ಉಂಟಲ್ಲ, ಅದಕ್ಕೆ ಹತ್ತಿರ. ಅವಳು ಸಿಟಿಜನ್ ಆಗಿ ಮೊದಲ ಸಲ ಓಟು ಹಾಕಿದ್ದು 2020ರಲ್ಲಿ. ನಂಗೆ ಅಮೆರಿಕದ ರಾಜಕೀಯ ಮುಂಚೆ ಎಂತದೂ ಗೊತ್ತಿರ್ಲಿಲ್ಲ, ಗೊತ್ತಾಗುವ ಅಗತ್ಯವೂ ಇರ್ಲಿಲ್ಲ. ಆದ್ರೆ ಅವಳು ಆ ಊರಿನ ಕಾರ್ ನಂಬರ್ ಪ್ಲೇಟಿನ ಫೋಟೋ ಕಳಿಸಿದ್ಲು ಒಂದು ಸಲ, ಅದರಲ್ಲಿ "ಅಮೆರಿಕಾಸ್ ಡೈರಿಲ್ಯಾಂಡ್" ಅಂತ ಬರ್ದಿತ್ತು, ನಂಬರ್ ಪ್ಲೇಟಿನಲ್ಲಿ ಮಾರ್ರೆ! ಹಾಲಿನ ಹೆಸರಲ್ಲಿ ಬದುಕುವ ರಾಜ್ಯ ಅಂದ ಮೇಲೆ ನಾನು ಬಿಡ್ತೇನಾ, ಅಂದಿನಿಂದ ಅಲ್ಲಿದ್ದು ಎಲ್ಲ ಓದ್ಲಿಕ್ಕೆ ಶುರು ಮಾಡಿದೆ, ದನದಿಂದ ಶುರು ಆದದ್ದು ಓಟಿಗೆ ಬಂದು ನಿಂತಿತು.

ಮೊದಲು ವಿಸ್ಕಾನ್ಸಿನ್‌ನ 10 ಎಲೆಕ್ಟೋರಲ್ ಓಟಿನ ಕಥೆ ಹೇಳ್ತೇನೆ, ಯಾಕಂದ್ರೆ ನಮ್ಮಲ್ಲಿ ಪೇಪರ್ ಓದುವವರಿಗೂ ಇದು ಸರಿ ಅರ್ಥ ಆಗುದಿಲ್ಲ. ಕರ್ನಾಟಕದಲ್ಲಿ ಲೋಕಸಭೆಗೆ 28 ಸೀಟಲ್ವಾ, ಈಗ ಉಡುಪಿ-ಚಿಕ್ಕಮಗಳೂರು ಬೇರೆ, ಮಂಡ್ಯ ಬೇರೆ, ಕಲಬುರಗಿ ಬೇರೆ ಅಂತ ಎಣಿಸುದು ಬಿಟ್ಟು, ಇಡೀ ರಾಜ್ಯದ ಓಟು ಒಂದೇ ರಾಶಿ ಹಾಕಿ, ಯಾರಿಗೆ ಒಂದು ಓಟು ಜಾಸ್ತಿ ಬಂತೋ ಅವರಿಗೆ 28ಕ್ಕೆ 28ನ್ನೂ ಕೊಟ್ರೆ ಹೇಗೆ, ಅದೇ ಅಲ್ಲಿಯ ಸಿಸ್ಟಮ್. ಮೇಯ್ನ್ ಮತ್ತೆ ನೆಬ್ರಾಸ್ಕಾ ಅಂತ ಎರಡು ರಾಜ್ಯ ಬಿಟ್ರೆ ಎಲ್ಲ ಕಡೆ ಹೀಗೆಯೇ. ವಿಸ್ಕಾನ್ಸಿನ್‌ಗೆ ಈಗ 10. ಹಾಗಾಗಿ ಅಲ್ಲಿ ಒಂದು ಓಟಿನ ಲೀಡಿಗೂ ನಾಲ್ಕು ಲಕ್ಷದ ಲೀಡಿಗೂ ಸಿಗುವುದು ಅದೇ 10. ನಮ್ಮ ರಾಷ್ಟ್ರಪತಿ ಎಲೆಕ್ಷನ್‌ನಲ್ಲಿ ಸಹ ಇಂಥದೇ ಒಂದು ಎಲೆಕ್ಟೋರಲ್ ಕಾಲೇಜು, ಅಂದ್ರೆ ಜನರ ಪರವಾಗಿ ಓಟು ಹಾಕುವವರ ಗುಂಪು, ಉಂಟು, ಕರ್ನಾಟಕದ ಒಬ್ಬ ಎಮ್ಮೆಲ್ಲೆ ಓಟಿಗೆ 131 ಬೆಲೆ, ಆದ್ರೆ ಇಲ್ಲಿ ಎಮ್ಮೆಲ್ಲೆ ಯಾರಿಗೆ ಹಾಕಿದ್ರೋ ಅವರಿಗೇ ಆ 131 ಹೋಗ್ತದೆ, ಪಕ್ಕದ ಎಮ್ಮೆಲ್ಲೆಯದ್ದು ಎಳ್ಕೊಂಡು ಹೋಗುದಿಲ್ಲ. ನಂಗೆ ನಮ್ಮದೇ ಸರಿ ಅಂತ ಕಾಣ್ತದೆ. ಇರ್ಲಿ.

ಈಗ ಲೀಡ್ ನೋಡಿ. 2000ದಲ್ಲಿ ಡೆಮಾಕ್ರಟ್ ಪಾರ್ಟಿಯ ಗೋರ್‌ಗೆ 5,708. ಆ ವರ್ಷ ಎಲ್ಲರೂ ಫ್ಲೋರಿಡಾದ 537 ಓಟಿನ ಹಿಂದೆ ಬಿದ್ದು ಬೊಬ್ಬೆ ಹಾಕ್ತಿದ್ರು, ಹಾಗಾಗಿ ಇದನ್ನು ಯಾರೂ ಕೇಳ್ಲಿಕ್ಕೇ ಹೋಗ್ಲಿಲ್ಲ. 5,708 ಅಂದ್ರೆ ಎಷ್ಟು, ನಮ್ಮ ಕಡೆ ಒಂದು ಒಳ್ಳೆ ಬ್ರಹ್ಮಕಲಶಕ್ಕೆ ಮಧ್ಯಾಹ್ನ ಊಟಕ್ಕೆ ಕೂತ್ಕೊಳ್ಳುವ ಜನ, ಅಷ್ಟೇ, ಅದೂ ಸುಮಾರು 26 ಲಕ್ಷ ಓಟಿನಲ್ಲಿ. 2004ರಲ್ಲಿ ಅದೇ ಪಾರ್ಟಿಯ ಕೆರ್ರಿಗೆ 11,384. ಮಧ್ಯದಲ್ಲಿ ಒಬಾಮ ಬಂದ್ರಲ್ಲ, 2008ಕ್ಕೆ 4 ಲಕ್ಷದ ಮೇಲೆ, 2012ಕ್ಕೆ 2 ಲಕ್ಷದ ಮೇಲೆ, ಅದು ಬೇರೆಯೇ ಗಾಳಿ. ಆಮೇಲೆ ಪುನಃ ಹಳೇ ಕಥೆ, 2016ಕ್ಕೆ ಟ್ರಂಪ್‌ಗೆ 22,748, 2020ಕ್ಕೆ ಬೈಡನ್‌ಗೆ 20,682, 2024ಕ್ಕೆ ಟ್ರಂಪ್‌ಗೆ 29,397. ಈ ಶತಮಾನದ ಏಳು ಎಲೆಕ್ಷನ್‌ನಲ್ಲಿ ಐದು ಸಲ ಶೇಕಡಾ 1ಕ್ಕಿಂತ ಕಮ್ಮಿ ಲೀಡ್! ಇನ್ನೂ ಒಂದು ತಮಾಷೆ ಎಂತ ಅಂದ್ರೆ 1988ರಿಂದ 2012ರವರೆಗೆ ಸಾಲಾಗಿ ಏಳು ಸಲ ಡೆಮಾಕ್ರಟ್‌ಗಳೇ ಗೆದ್ದದ್ದು, ಹಾಗಾಗಿ ಹೊರಗಿನವರಿಗೆ ಇದು ಡೆಮಾಕ್ರಟ್ ಕೋಟೆ ಅಂತ ಕಂಡದ್ದು, ಕೋಟೆಯ ಗೋಡೆ ಎರಡು ಸಲ ಕಾಗದದಷ್ಟು ತೆಳ್ಳಗೆ ಆದದ್ದು ಯಾರಿಗೂ ಮಂಡೆಗೆ ಹೋಗ್ಲಿಲ್ಲ.

ನಮ್ಮ ಉಡುಪಿ-ಚಿಕ್ಕಮಗಳೂರು ತೆಗೊಳ್ಳಿ. 2009ಕ್ಕೆ ಸದಾನಂದ ಗೌಡ್ರು ಗೆದ್ದದ್ದು 27 ಸಾವಿರದಲ್ಲಿ, 2012ರ ಬೈ ಎಲೆಕ್ಷನ್‌ನಲ್ಲಿ ಜಯಪ್ರಕಾಶ ಹೆಗ್ಡೆಯವರು ಗೆದ್ದು ಕಾಂಗ್ರೆಸ್‌ಗೆ ಬಂತು, ಅಲ್ಲಿಯವರೆಗೆ ಆಚೆ ಈಚೆ ಆಗ್ತಿತ್ತು. 2019ಕ್ಕೆ ಶೋಭಾ ಕರಂದ್ಲಾಜೆಯವರಿಗೆ 3,49,599 ಲೀಡ್, 2024ಕ್ಕೆ ಕೋಟ ಶ್ರೀನಿವಾಸ ಪೂಜಾರಿಯವರಿಗೆ 2,59,175. ಮಂಗ್ಳೂರು ಕಡೆ ಸಹ 2019ಕ್ಕೆ ನಳಿನ್ ಕುಮಾರ್‌ಗೆ 2,74,621, ಕಳೆದ ಸಲ ಚೌಟರಿಗೆ 1,49,208. ಒಂದು ಲೋಕಸಭಾ ಸೀಟಿನಲ್ಲಿ ಬರುವ ಲೀಡು ಅಲ್ಲಿ ಇಡೀ ರಾಜ್ಯದಲ್ಲಿ ಬರುದಿಲ್ಲ! ನಮ್ಮಲ್ಲಿ ಕೌಂಟಿಂಗ್ ದಿವಸ ಹನ್ನೊಂದು ಗಂಟೆಗೆ ಪಟಾಕಿ ಹೊಡ್ದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತಾರೆ, ಅಲ್ಲಿ ರಾತ್ರಿ ಕಳೆದು ಬೆಳಗಾದ್ರೂ ಉಗುರು ಕಚ್ತಾ ಕೂತಿರ್ತಾರೆ.

ಹಾಗಂತ ಟೈಟ್ ಫೈಟ್ ನಮಗೆ ಹೊಸತಲ್ಲ. ತಲಪಾಡಿ ದಾಟಿದ್ರೆ ಮಂಜೇಶ್ವರ, ಕೇರಳ ಆದ್ರೂ ಜನ ನಮ್ಮವರೇ, ಅಲ್ಲಿ 2016ಕ್ಕೆ ಗೆದ್ದವರಿಗೆ ಸಿಕ್ಕಿದ್ದು ಬರೀ 89 ಓಟು ಜಾಸ್ತಿ. ಇನ್ನು ಪುತ್ತೂರು 2023 ಯಾರಿಗೆ ನೆನಪಿಲ್ಲ ಹೇಳಿ. ಅಶೋಕ್ ರೈಗಳು ಕಾಂಗ್ರೆಸ್‌ನಿಂದ 4,149ರಲ್ಲಿ ಗೆದ್ರು, ಎರಡನೇದು ಬಿಜೆಪಿಯಿಂದ ಸಿಡಿದು ನಿಂತ ಪಕ್ಷೇತರ ಪುತ್ತಿಲ, ಬಿಜೆಪಿ ಮೂರನೇದು, ಬಿಜೆಪಿಯ 37 ಸಾವಿರ ಚಿಲ್ಲರೆ ಓಟು ಹೋಗಿ ಮೂರನೇ ಜಾಗದಲ್ಲಿ ಕೂತಿತು. ಇದನ್ನು ನೋಡಿದವರಿಗೆ ವಿಸ್ಕಾನ್ಸಿನ್ ಬೇಗ ಅರ್ಥ ಆಗ್ತದೆ. 2016ರಲ್ಲಿ ಅಲ್ಲಿ ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ 31 ಸಾವಿರ, ಲಿಬರ್ಟೇರಿಯನ್ ಪಾರ್ಟಿಯ ಜಾನ್ಸನ್‌ಗೆ 1 ಲಕ್ಷದ ಮೇಲೆ. ಲೀಡ್ ಎಷ್ಟು, 22,748, ಸೋತದ್ದು ಡೆಮಾಕ್ರಟ್ ಹಿಲರಿ ಕ್ಲಿಂಟನ್. ಅಲ್ಲಿಗೆ ಶುರು ಆಯ್ತು, "ಸ್ಟೈನ್ ನಿಲ್ಲದಿದ್ರೆ ಹಿಲರಿ ಗೆಲ್ತಿದ್ರು".

ಇಲ್ಲಿ ನಂಗೆ ಒಂದು ಮಾತು ಹೇಳ್ಲಿಕ್ಕುಂಟು. ಆ ಸೋಲಿಗೆ ಕಾರಣ ಎಂತ ಅಂತ ನಾನು ಓದಿದ್ದು ಒಂದೆರಡಲ್ಲ. ಸ್ಟೈನ್ ಒಂದು ಕಾರಣ. ಹಿಲರಿ ಕ್ಯಾಂಡಿಡೇಟ್ ಆದ ಮೇಲೆ ಒಂದೇ ಒಂದು ಸಲ ಸಹ ವಿಸ್ಕಾನ್ಸಿನ್‌ಗೆ ಪ್ರಚಾರಕ್ಕೆ ಬರ್ಲಿಲ್ಲ, ಅದೊಂದು ಕಾರಣ. ಮಿಲ್ವಾಕಿ ಸಿಟಿಯಲ್ಲಿ 2012ಕ್ಕಿಂತ ಸುಮಾರು 40 ಸಾವಿರ ಓಟು ಕಮ್ಮಿ ಬಿತ್ತು, ಕಪ್ಪು ಜನ ಜಾಸ್ತಿ ಇರುವ ಏರಿಯಾಗಳಲ್ಲಿ ಜನ ಬೂತಿಗೇ ಹೋಗ್ಲಿಲ್ಲ, ಅದೊಂದು. ಫೋಟೋ ಐಡಿ ರೂಲ್ ಬಂತು, ಅದೊಂದು. ಫ್ಯಾಕ್ಟರಿ ಮುಚ್ಚಿದ್ದು, ಅದೊಂದು. ಪ್ರತಿಯೊಬ್ಬರೂ ತಮ್ಮದೇ ನಿಜವಾದ ಕಾರಣ ಅಂತ ಮೇಜು ಕುಟ್ಟಿ ಹೇಳ್ತಾರೆ, ಆದ್ರೆ ಮಾರಾಯ್ರೆ, ಲೀಡೇ 22 ಸಾವಿರ ಆದಾಗ 25 ಸಾವಿರದ ಯಾವ ಕಾರಣ ತಂದು ಇಟ್ರೂ ಅದು ಸರಿಯೇ ಆಗ್ತದಲ್ವಾ! ಅಷ್ಟು ಸಣ್ಣ ಲೀಡಿಗೆ ಯಾವ ಅಂಗಿ ಹಾಕಿದ್ರೂ ದೊಗಳೆ ಆಗ್ತದೆ. ಹಾಗಾಗಿ ನಾನು ಲೀಡ್ ನೋಡುದು ಬಿಟ್ಟು ಒಳಗಿನ ಲೆಕ್ಕ ನೋಡ್ಲಿಕ್ಕೆ ಶುರು ಮಾಡಿದೆ.

ಒಳಗಿನ ಲೆಕ್ಕ ಅಂದ್ರೆ ಎಂತ ಅಂತ ನಮ್ಮ ಡೈರಿಯಿಂದಲೇ ಹೇಳ್ತೇನೆ. ನಾನು ಕೆಲಸಕ್ಕೆ ಸೇರುವಾಗ ಬೆಳಿಗ್ಗೆ ಆರೂಕಾಲಿಗೆ ಕ್ಯೂ ರೋಡಿನವರೆಗೆ ಬರ್ತಿತ್ತು, ಒಬ್ರು ಅರ್ಧ ಲೀಟರ್, ಒಬ್ರು ಒಂದೂವರೆ, ತಂಬಿಗೆಯಲ್ಲಿ ತರುವವರೂ ಇದ್ರು. ಈಗ ಹಾಲು ಹಾಕ್ಲಿಕ್ಕೆ ಬರುವವರು ಬೆರಳೆಣಿಕೆ ಅಲ್ಲದಿದ್ರೂ ಅದಕ್ಕೆ ಹತ್ತಿರ, ಮಕ್ಕಳೆಲ್ಲ ಬೆಂಗ್ಳೂರು, ದುಬೈ, ಹುಲ್ಲು ತರುವವರು ಯಾರು, ಹಟ್ಟಿ ಇದ್ದಲ್ಲಿ ಕಾರ್ ಶೆಡ್ ಆಗಿದೆ. ಆದ್ರೆ ಸಂಜೆ ಕ್ಯಾನ್ ಲೆಕ್ಕ ಹಾಕಿದ್ರೆ ಹಾಲು ಹೆಚ್ಚು ಕಮ್ಮಿ ಅಷ್ಟೇ! ಯಾಕಂದ್ರೆ ಮೂರ್ನಾಲ್ಕು ಜನ ಜಾಸ್ತಿ ಹಾಲು ಕೊಡುವ ಎಚ್ಎಫ್ ತಳಿಯ ದನ ಹತ್ತು ಹದಿನೈದು ಕಟ್ಟಿ, ಮಿಲ್ಕಿಂಗ್ ಮಿಷಿನ್ ಹಾಕಿ, ಪಿಕಪ್‌ನಲ್ಲಿ ತಂದು ಹಾಕ್ತಾರೆ. ಮೇಲಿನವರಿಗೆ ಕಳಿಸುವ ರಿಪೋರ್ಟಿನಲ್ಲಿ ಒಟ್ಟು ಲೀಟರ್ ಮಾತ್ರ ಇರ್ತದೆ, ಅದನ್ನು ನೋಡಿದವ ಈ ಊರಲ್ಲಿ ಎಂತದೂ ಬದಲಾಗ್ಲಿಲ್ಲ ಅಂತ ತಿಳ್ಕೊಳ್ತಾನೆ.

ವಿಸ್ಕಾನ್ಸಿನ್‌ನ ಹಾಲಿನಲ್ಲಿ ಸಹ ಇದೇ ಕಥೆ, ದೊಡ್ಡ ಮಟ್ಟದಲ್ಲಿ. ಇಪ್ಪತ್ತು ವರ್ಷದ ಹಿಂದೆ 15 ಸಾವಿರದ ಮೇಲೆ ಡೈರಿ ಫಾರ್ಮ್ ಇತ್ತು, ಈಗ 6 ಸಾವಿರಕ್ಕಿಂತ ಕಮ್ಮಿ. ದನಗಳು? ಅದೇ 12-13 ಲಕ್ಷ. ಹಾಲು ಮುಂಚೆಗಿಂತ ಜಾಸ್ತಿ. ಇನ್ನು ಓಟು ನೋಡಿ, ಅದರಲ್ಲಿ ಸಹ ಇದೇ!

ಮ್ಯಾಡಿಸನ್ ಅಂತ ರಾಜಧಾನಿ ಉಂಟು, ಡೇನ್ ಕೌಂಟಿ, ದೊಡ್ಡ ಯೂನಿವರ್ಸಿಟಿ, ಪಕ್ಕದ ವೆರೋನಾದಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಮಾಡುವ ಎಪಿಕ್ ಕಂಪೆನಿ, ನಮ್ಮ ಮಣಿಪಾಲವನ್ನು ಹತ್ತು ಪಟ್ಟು ಮಾಡಿ ಅದರೊಳಗೆ ವಿಧಾನಸೌಧ ಇಟ್ಟ ಹಾಗೆ. ಅಲ್ಲಿ 2000ದಲ್ಲಿ ಡೆಮಾಕ್ರಟ್ ಲೀಡ್ 70 ಸಾವಿರದೊಳಗೆ ಇತ್ತು, 2020ಕ್ಕೆ 1 ಲಕ್ಷ 80 ಸಾವಿರ ದಾಟಿತು, ನಾಲ್ಕರಲ್ಲಿ ಮೂರು ಓಟು ಒಂದೇ ಕಡೆ. ಅಂದ್ರೆ ಒಂದೇ ಕೌಂಟಿಯಿಂದ ಲಕ್ಷಕ್ಕಿಂತ ಮೇಲೆ ಹೊಸ ಲೀಡ್. ಹಾಗಾದ್ರೆ ರಾಜ್ಯ ಡೆಮಾಕ್ರಟ್‌ಗಳ ಕೈಗೆ ಪರ್ಮನೆಂಟ್ ಬರ್ಬೇಕಲ್ಲ, ಯಾಕೆ ಬರ್ಲಿಲ್ಲ?

ಯಾಕಂದ್ರೆ ಆಚೆ ಕಡೆಯಿಂದ ಅಷ್ಟೇ ಸೋರಿ ಹೋಯ್ತು. ರಾಜ್ಯದ ನೈರುತ್ಯ ಮೂಲೆಯಲ್ಲಿ ಮಿಸಿಸಿಪ್ಪಿ ನದಿಯ ಹತ್ತಿರ ಡ್ರಿಫ್ಟ್‌ಲೆಸ್ ಅಂತ ಒಂದು ಗುಡ್ಡ ಕಣಿವೆಯ ಸೀಮೆ ಉಂಟು. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮದ ಹಾಸು ಉಜ್ಜಿ ಸಪಾಟು ಮಾಡಿತು, ಇದೊಂದು ತುಂಡು ತಪ್ಪಿಸಿಕೊಂಡಿತು, ಹಾಗಾಗಿ ನಮ್ಮ ಘಟ್ಟದ ಬುಡದ ಹಾಗೆ ಏರು ತಗ್ಗು. ಸಣ್ಣ ಸಣ್ಣ ಹಾಲಿನ ಫಾರ್ಮುಗಳು ಇದ್ದದ್ದು ಅಲ್ಲೇ. ಆ ಜನ ಹಳ್ಳಿಯವರಾದ್ರೂ ಒಬಾಮನಿಗೆ ಎರಡೂ ಸಲ ಹಾಕಿದ್ರು, 2016ಕ್ಕೆ ಟ್ರಂಪ್ ಕಡೆ ತಿರುಗಿದ್ರು, ರಾಜ್ಯದಲ್ಲಿ ಹೀಗೆ ತಿರುಗಿದ ಕೌಂಟಿ ಇಪ್ಪತ್ತಕ್ಕೂ ಜಾಸ್ತಿ. 2020ಕ್ಕೆ ಬೈಡನ್ ಗೆದ್ದಾಗ ಸಹ ವಾಪಸ್ ಬಂದದ್ದು ಸಾಕ್ ಮತ್ತೆ ಡೋರ್ ಅಂತ ಎರಡು ಮಾತ್ರ. ಹಟ್ಟಿ ಖಾಲಿ ಆದದ್ದಕ್ಕೂ ಓಟು ತಿರುಗಿದ್ದಕ್ಕೂ ಎಷ್ಟು ಸಂಬಂಧ ಅಂತ ಅಳೆದು ಹೇಳುವಷ್ಟು ನಾನು ಓದಿದವ ಅಲ್ಲ. ಆದ್ರೆ ದನ ಮಾರಿದ ವಾರ ಒಬ್ಬ ಮನುಷ್ಯನ ಮುಖ ಹೇಗಿರ್ತದೆ ಅಂತ ಕೌಂಟರಿನ ಈಚೆ ನಿಂತು ನೋಡಿದ್ದೇನೆ, ಪಾಸ್‌ಬುಕ್ ಕ್ಲೋಸ್ ಮಾಡ್ಲಿಕ್ಕೆ ಬಂದು ಸೈನ್ ಹಾಕಿ ಒಂದೂ ಮಾತಾಡದೆ ಹೋಗ್ತಾರೆ.

ಮೂರನೇದು ನನ್ನ ತಂಗಿಯ ಏರಿಯಾ. ವಾಕೆಶಾ, ಒಝಾಕಿ, ವಾಷಿಂಗ್ಟನ್, ಮಿಲ್ವಾಕಿಯ ಸುತ್ತ ಮೂರು ಕೌಂಟಿ, ದುಡ್ಡಿದ್ದವರ ಮನೆಗಳು, ರಿಪಬ್ಲಿಕನ್ ಪಾರ್ಟಿಯ ಹೊಟ್ಟೆಯೇ ಇದು. ಇಲ್ಲಿ ಉಲ್ಟಾ, ಟ್ರಂಪ್ ಬಂದ ಮೇಲೆ ರಿಪಬ್ಲಿಕನ್ ಓಟು ನಿಧಾನಕ್ಕೆ ಕರಗಿತು, ವಾಕೆಶಾದಲ್ಲಿ 2012ಕ್ಕೆ ಆಗಿನ ರಿಪಬ್ಲಿಕನ್ ಕ್ಯಾಂಡಿಡೇಟ್ ರಾಮ್ನಿಗೆ ಶೇಕಡಾ 67 ಬಂದದ್ದು 2020ಕ್ಕೆ ಟ್ರಂಪ್‌ಗೆ 60ರ ಹತ್ತಿರ. ಹಳ್ಳಿ ಆಚೆ ಹೋಯ್ತು, ಪೇಟೆಯ ಹೊರಗಿನ ಬಂಗ್ಲೆ ಸ್ವಲ್ಪ ಈಚೆ ಬಂತು, ಯೂನಿವರ್ಸಿಟಿ ಉಬ್ಬಿತು, ಮಿಲ್ವಾಕಿ ಸಿಟಿ ಸೊರಗಿತು, ಎಲ್ಲ ಕೂಡ್ಸಿ ಕಳೆದ್ರೆ ಕ್ಯಾನಿನಲ್ಲಿ ಪುನಃ ಅದೇ ಇಪ್ಪತ್ತು ಸಾವಿರ. 2004ಕ್ಕೆ ಗೆಲ್ಲಿಸಿದ ಆ 11 ಸಾವಿರಕ್ಕೂ 2020ಕ್ಕೆ ಗೆಲ್ಲಿಸಿದ 20 ಸಾವಿರಕ್ಕೂ ಒಳಗಿನ ಮನುಷ್ಯರು ಬೇರೆ ಬೇರೆ.

ಭಾವನ ಹತ್ರ ಇದನ್ನು ಫೋನಲ್ಲಿ ಹೇಳಿದ್ರೆ ಅವರು "ನೀವು ಅಲ್ಲಿ ಕೂತು ಇಷ್ಟು ಲೆಕ್ಕ ಹಾಕ್ತೀರಿ, ನಮ್ಗೆ ಇಲ್ಲಿ ಟಿವಿ ಆಡ್ ಮುಗಿದ್ರೆ ಸಾಕಾಗಿದೆ" ಅಂತಾರೆ. ಅದೂ ನಿಜ. ಎಲೆಕ್ಷನ್‌ಗೆ ಮೂರು ತಿಂಗಳು ಇರುವಾಗಿಂದ ಪೋಸ್ಟ್ ಡಬ್ಬಿ ತುಂಬ ಕಾರ್ಡು, ಬಾಗಿಲು ತಟ್ಟುವವರು, ಮೊಬೈಲಿಗೆ ಮೆಸೇಜು. 2024ಕ್ಕೆ ರಿಪಬ್ಲಿಕನ್ ಪಾರ್ಟಿ ತನ್ನ ದೊಡ್ಡ ಸಮಾವೇಶವನ್ನೇ ಮಿಲ್ವಾಕಿಯಲ್ಲಿ ಮಾಡಿತು. ಮುಂಚೆ 1912ರಲ್ಲಿ ಇದೇ ಮಿಲ್ವಾಕಿಯಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಚಾರಕ್ಕೆ ಬಂದಾಗ ಒಬ್ಬ ಗುಂಡು ಹೊಡ್ದ, ಜೇಬಿನಲ್ಲಿದ್ದ ಭಾಷಣದ ಕಾಗದದ ಕಟ್ಟು ಮತ್ತೆ ಕನ್ನಡಕದ ಡಬ್ಬಿಯಿಂದಾಗಿ ಬದುಕಿದ, ಗುಂಡು ಎದೆಯಲ್ಲಿ ಇಟ್ಕೊಂಡೇ ಭಾಷಣ ಮಾಡಿದ, ಅಷ್ಟೆಲ್ಲ ಮಾಡಿಯೂ ಈ ರಾಜ್ಯ ಅವನಿಗೆ ಸಿಗ್ಲಿಲ್ಲ, ವಿಲ್ಸನ್ ಗೆದ್ದ. ಜನ ಅಷ್ಟು ಸುಲಭಕ್ಕೆ ಕರಗುವವರಲ್ಲ.

ಅಮ್ಮನಿಗೆ ಬೇರೆ ಡೌಟು. "ಅವಳ ಬೆರಳಿಗೆ ಶಾಯಿ ಹಾಕಿದ್ದು ತೋರಿಸ್ಲಿಕ್ಕೆ ಹೇಳು" ಅಂತ. ಅಲ್ಲಿ ಶಾಯಿ ಇಲ್ಲಮ್ಮ, ಒಂದು ಸ್ಟಿಕ್ಕರ್ ಕೊಡ್ತಾರೆ ಅಂದೆ. ಇನ್ನೂ ಆಶ್ಚರ್ಯ ಅಂದ್ರೆ ಲಿಸ್ಟಲ್ಲಿ ಹೆಸರಿಲ್ಲದಿದ್ರೂ ಓಟಿನ ದಿವಸವೇ ಬೂತಿಗೆ ಹೋಗಿ, ಫೋಟೋ ಐಡಿ, ಮನೆ ಅಡ್ರೆಸ್ಸಿನ ಪ್ರೂಫ್ ತೋರಿಸಿ, ಅಲ್ಲೇ ಹೆಸರು ಸೇರಿಸಿ ಅಲ್ಲೇ ಓಟು ಹಾಕ್ಬಹುದು. ನಮ್ಮಲ್ಲಿ ಪ್ರತಿ ಸಲ ಲಿಸ್ಟ್ ಹಿಡ್ಕೊಂಡು ಜಗಳ ಆಗುದು ನೋಡಿದ್ರೆ ಇದೊಂದು ನಮ್ಗೆ ಬೇಕಿತ್ತು. ಯಾರಿಗೆ ಹಾಕಿದ್ದು ಅಂತ ಮಾತ್ರ ತಂಗಿ ಇವತ್ತಿನವರೆಗೆ ಹೇಳ್ಲಿಲ್ಲ, ಭಾವನಿಗೂ ಹೇಳ್ಲಿಲ್ಲವಂತೆ. ಅದು ನಮ್ಮ ಮನೆ ಬುದ್ಧಿ.

ಕೌಂಟಿಂಗ್ ಯಾಕೆ ಅಷ್ಟು ಲೇಟ್ ಅಂತ ಕೇಳುವವರಿಗೆ, ಪೋಸ್ಟಲ್ಲಿ ಬಂದ ಓಟನ್ನು ಅಲ್ಲಿ ಎಲೆಕ್ಷನ್ ದಿವಸ ಬೆಳಿಗ್ಗೆ ಏಳಕ್ಕೆ ಮುಂಚೆ ಬಿಚ್ಚಿ ಎಣಿಕೆಗೆ ತಗೊಳ್ಳುವ ಹಾಗಿಲ್ಲ, ಕಾನೂನು. ಮಿಲ್ವಾಕಿ ಸಿಟಿ ಅಂಥದ್ದನ್ನೆಲ್ಲ ಒಂದೇ ಕಡೆ ತಂದು ಎಣಿಸ್ತದೆ, ಹಾಗಾಗಿ ಮಧ್ಯರಾತ್ರಿ ಕಳೆದ ಮೇಲೆ ಒಟ್ಟಿಗೆ ಒಂದು ದೊಡ್ಡ ಗಂಟು ಬಂದು ಬೀಳ್ತದೆ. 2020ಕ್ಕೆ ಕೊರೋನಾದಿಂದ ಗಂಟು ಇನ್ನೂ ದೊಡ್ಡದಾಯ್ತು, ಅಲ್ಲಿಯವರೆಗೆ ಮುಂದೆ ಇದ್ದ ಟ್ರಂಪ್ ಬೆಳಗಾಗುವಾಗ ಹಿಂದೆ, ಅಷ್ಟು ಸಾಕಲ್ಲ ಗಲಾಟೆಗೆ. ಅವರ ಕಡೆಯವರು 30 ಲಕ್ಷ ಡಾಲರ್ ಕಟ್ಟಿ ಮಿಲ್ವಾಕಿ ಮತ್ತೆ ಡೇನ್ ಕೌಂಟಿಯಲ್ಲಿ ಪುನಃ ಎಣಿಸಿದ್ರು. ಎಣಿಸಿ ಮುಗಿಯುವಾಗ ಬೈಡನ್ ಲೀಡ್ 87 ಜಾಸ್ತಿ ಆಯ್ತು! 2016ಕ್ಕೆ ಸ್ಟೈನ್ ದುಡ್ಡು ಕಟ್ಟಿ ಎಣಿಸಿದಾಗ ಟ್ರಂಪ್‌ಗೆ 131 ಜಾಸ್ತಿ ಆಗಿತ್ತು. ದುಡ್ಡು ಕಟ್ಟಿದವರಿಗೆ ಉಲ್ಟಾ ಹೊಡಿಯುದು ಆ ರಾಜ್ಯದ ರೂಢಿಯೋ ಏನೋ. ನಮ್ಮಲ್ಲಿಯೂ ಫ್ಯಾಟ್ ಕಮ್ಮಿ ಬಂತು ಅಂತ ಜಗಳ ಮಾಡಿ ಎರಡನೇ ಸಲ ಟೆಸ್ಟ್ ಮಾಡಿಸಿದವರಿಗೆ ಇನ್ನೂ ಒಂದು ಪಾಯಿಂಟ್ ಕಮ್ಮಿ ಬಂದದ್ದು ನೋಡಿದ್ದೇನೆ.

ಇಷ್ಟೆಲ್ಲ ಬರ್ದು ಮುಗಿಸುವ ಅಂತ ಇದ್ದೆ, ಆದ್ರೆ 2025 ಎಪ್ರಿಲ್ 1ಕ್ಕೆ ಅಲ್ಲಿ ಇನ್ನೊಂದು ಓಟು ಆಯ್ತು, ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜಿಗೆ. ಹೌದು ಮಾರಾಯ್ರೆ, ಆ ರಾಜ್ಯದಲ್ಲಿ ಜಡ್ಜನ್ನು ಜನ ಓಟು ಹಾಕಿ ಆರಿಸುದು. ಇಲಾನ್ ಮಸ್ಕ್ ರಿಪಬ್ಲಿಕನ್ ಕಡೆಯ ಕ್ಯಾಂಡಿಡೇಟ್ ಪರವಾಗಿ ಗ್ರೀನ್ ಬೇ ಸಿಟಿಗೆ ಬಂದು ಚೀಸ್ ತುಂಡಿನ ಆಕಾರದ ಟೊಪ್ಪಿ ಹಾಕ್ಕೊಂಡು ಇಬ್ರಿಗೆ ಹತ್ತು ಹತ್ತು ಲಕ್ಷ ಡಾಲರಿನ ಚೆಕ್ ಕೊಟ್ಟ. ಐದು ತಿಂಗಳ ಹಿಂದೆ ಟ್ರಂಪ್ ಗೆದ್ದ ಅದೇ ರಾಜ್ಯ, ಅದೇ ಬೂತು, ರಿಸಲ್ಟ್ ಎಂತ ಗೊತ್ತುಂಟಾ, ಡೆಮಾಕ್ರಟ್‌ಗಳು ಬೆಂಬಲಿಸಿದ ಸೂಸನ್ ಕ್ರಾಫರ್ಡ್ ಶೇಕಡಾ 10ರ ಲೀಡಿನಲ್ಲಿ ಗೆದ್ರು, 2 ಲಕ್ಷದ ಮೇಲೆ. ನವೆಂಬರ್‌ನಲ್ಲಿ 34 ಲಕ್ಷ ಜನ ಬಂದಲ್ಲಿಗೆ ಈ ಸಲ ಬಂದದ್ದು 23 ಲಕ್ಷ ಚಿಲ್ಲರೆ. ಬಾರದೇ ಉಳಿದ ಆ ಹತ್ತು ಲಕ್ಷ ಯಾರು ಅಂತ ಕೌಂಟಿವಾರು ತೆಗ್ದು ನೋಡ್ತಾ ಕೂತಿದ್ದೆ, ಸಂಜೆ ಹಾಲಿನ ಹೊತ್ತು, ಎದುರಿಗೆ ಅದೇ ಕೆಳಗಿನ ಮನೆ ಅಜ್ಜ ತಂಬಿಗೆ ಹಿಡ್ಕೊಂಡು.

"ಪುನಃ ಎಂತ, ಅಮೆರಿಕದ್ದಾ?"

"ಹೌದು ಅಜ್ಜ, ಈ ಸಲ ಎರಡು ಲಕ್ಷದ ಮೇಲೆ ಲೀಡ್."

"ಹಾಗಾದ್ರೆ ಅವರೂ ನಮ್ಮ ಹಾಗೆ ಆದ್ರು" ಅಂತ ನಕ್ಕು, ಮಿಷಿನ್ ಕಡೆ ಕೈ ತೋರಿಸಿ, "ನಂದು 4.1 ಬಂದದ್ದು ಬರ್ಕೊಂಡ್ರಾ ಇಲ್ವಾ ಮೊದ್ಲು ನೋಡಿ" ಅಂದ್ರು.